ನ್ಯಾಯದ ನೆರವು

ರಾಯಚೂರು ಜಿಲ್ಲೆಯು ಕೃಷ್ಣೆ ಮತ್ತು ತುಂಗಭದ್ರೆಯರ ನಡುವಣ ನಾಡು. ಇಲ್ಲಿಯ ಗುಂಜಹಳ್ಳಿಯಂತಹ ಊರುಗಳಲ್ಲಿ ಸುಗ್ಗಿಯ ಕಾಲ ಬಂದಿತೆಂದರೆ ತಂದೆತಾಯಿಯರು ಹತ್ತಿ ಬಿಡಿಸಲೋ ಮೆಣಸಿನಕಾಯಿ ಹರಿಯಲೋ ಮುಂಜಾನೆಯೇ ಹೊಲದ ಹಾದಿ ಹಿಡಿಯುತ್ತಾರೆ. ಮಕ್ಕಳು ಶಾಲೆಯ ಹಾದಿ ಹಿಡಿಯುತ್ತಾರೆ. ಸಾಹುಕಾರನ ಅಂಗಡಿಯಲ್ಲಿ ಒಂದು ಚೀಲ ಧಾನ್ಯವನ್ನು ಇಟ್ಟುಬರುವಾಗಲೂ ಚೀಟಿ ಕೇಳಿ ಪಡೆಯುವ ರೈತನು ತನ್ನ ಮಗುವನ್ನು ಶಾಲೆಗೆ ಒಪ್ಪಿಸುವಾಗ ಯಾವ ಚೀಟಿಯನ್ನೂ ಕೇಳುವುದಿಲ್ಲ. ಅಲ್ಲಿ ನಂಬಿಕೆಯೊಂದೇ ಪತ್ರ, ನಂಬಿಕೆಯೊಂದೇ ಸಾಕ್ಷಿ.

ಈ ನಂಬಿಕೆ ಬಹುಪಾಲು ಹುಸಿಯಾಗುವುದಿಲ್ಲ. ಆದರೆ ಅಪರೂಪಕ್ಕೊಮ್ಮೆ ಬೇಲಿಯೇ ಎದ್ದು ಹೊಲ ಮೇಯುವುದುಂಟು. ಪಾಠ ಹೇಳಬೇಕಾದವನೋ, ವಸತಿಗೃಹವನ್ನು ನೋಡಿಕೊಳ್ಳಬೇಕಾದವನೋ, ಮೇಲಿನ ತರಗತಿಯ ಸಹಪಾಠಿಯೋ ಮಗುವಿನೊಡನೆ ಸಲ್ಲದ ರೀತಿಯಲ್ಲಿ ವರ್ತಿಸುತ್ತಾನೆ. ಮುಟ್ಟಬಾರದಂತೆ ಮುಟ್ಟುತ್ತಾನೆ, ಆಡಬಾರದ ಮಾತನ್ನು ಆಡುತ್ತಾನೆ, ಯಾರಿಗೂ ಹೇಳಬೇಡವೆಂದು ಹೆದರಿಸುತ್ತಾನೆ. ಆಗ ಮಗುವಿಗೆ ಒದಗುವ ಮೊದಲ ಸಂಕಟವೆಂದರೆ ಹೇಳಿಕೊಳ್ಳಲು ಮಾತಿಲ್ಲದಿರುವುದು. ಎರಡನೆಯದು, ಹೇಳಿದ ಮೇಲೂ ಕೇಳುವವರಿಲ್ಲದಿರುವುದು. ಮೊದಲನೆಯದಕ್ಕೆ ತಾಯಿಯ ಮಡಿಲು, ಗೆಳತಿಯ ಸಂಗ, ಒಳ್ಳೆಯ ಉಪಾಧ್ಯಾಯಿನಿಯ ಸಾಂತ್ವನಗಳೇ ಮದ್ದು. ಎರಡನೆಯ ಸಂಕಟಕ್ಕೆ ಮಾತ್ರ ಕಾನೂನಿನ ಬಲ ಬೇಕು.

ಹಳ್ಳಿಯ ಬಾಲಕಿಯೊಬ್ಬಳು ಇಂತಹ ಸಂಗತಿಯನ್ನು ಮನೆಯಲ್ಲಿ ಹೇಳಿದಳೆಂದು ಭಾವಿಸೋಣ. ಹಿರಿಯರ ಮನಸ್ಸಿನಲ್ಲಿ ಮೊಟ್ಟಮೊದಲು ಮೂಡುವುದು ಊರ ಬಾಯಿಯ ಭಯ. “ಮಾನದ ಮಾತು, ಹೊರಗೆ ಹೋಗಬಾರದು” ಎನ್ನುತ್ತಾರೆ. ನಾಲ್ಕು ಜನ ಪ್ರಮುಖರು ಸೇರುತ್ತಾರೆ. ತಪ್ಪು ಮಾಡಿದವನನ್ನು ಗದರಿಸಿ, ಕ್ಷಮೆ ಕೇಳಿಸಿ, ಬೇರೆ ಊರಿಗೆ ವರ್ಗ ಮಾಡಿಸಿ ಕೈತೊಳೆದುಕೊಳ್ಳುತ್ತಾರೆ. ಬದುವಿನ ಜಗಳವನ್ನು, ನೀರಿನ ಸರದಿಯ ವ್ಯಾಜ್ಯವನ್ನು ಹೀಗೆ ಬಗೆಹರಿಸಿಕೊಳ್ಳುವುದು ಊರಿಗೆ ಹಿತವೇ. ಆದರೆ ಇಲ್ಲಿ ಬಗೆಹರಿದುದು ಏನು? ವರ್ಗವಾಗಿ ಹೋದವನು ಮತ್ತೊಂದು ಊರಿನ ಶಾಲೆಯ ಬಾಗಿಲನ್ನು ತೆರೆಯುತ್ತಾನೆ. ಮಗುವಿನ ಪುಸ್ತಕದ ಚೀಲ ಗೂಟಕ್ಕೆ ಏರುತ್ತದೆ.

ಇಂತಹ ರಾಜಿಗೆ ಬೆಲೆಯುಂಟೇ ಎಂಬ ಪ್ರಶ್ನೆ ಸರ್ವೋಚ್ಚ ನ್ಯಾಯಾಲಯದ ಮುಂದೆಯೇ ಬಂದಿತು. ರಾಜಸ್ಥಾನದ ಶಾಲೆಯೊಂದರ ಉಪಾಧ್ಯಾಯನು ವಿದ್ಯಾರ್ಥಿನಿಯೊಡನೆ ಅಸಭ್ಯವಾಗಿ ವರ್ತಿಸಿದನೆಂದು 2022ರಲ್ಲಿ ದೂರು ದಾಖಲಾಗಿತ್ತು. ಅನಂತರ ಬಾಲಕಿಯ ಮನೆಯವರಿಗೂ ಆ ಉಪಾಧ್ಯಾಯನಿಗೂ ರಾಜಿಯಾಯಿತೆಂಬ ಪತ್ರ ಹುಟ್ಟಿತು. ಆ ಪತ್ರವನ್ನು ಆಧರಿಸಿ ಅಲ್ಲಿಯ ಉಚ್ಚ ನ್ಯಾಯಾಲಯವು ಮೊಕದ್ದಮೆಯನ್ನು ರದ್ದುಪಡಿಸಿತು. ಉಭಯ ಪಕ್ಷದವರೂ ಒಪ್ಪಿಕೊಂಡು ಸುಮ್ಮನಾದಾಗ, ಪ್ರಕರಣಕ್ಕೆ ನೇರವಾಗಿ ಸಂಬಂಧಪಡದ ಗ್ರಾಮಸ್ಥನಾದ ರಾಮ್‌ಜಿ ಲಾಲ್ ಬೈರ್ವಾ ಎಂಬಾತನು ಸರ್ವೋಚ್ಚ ನ್ಯಾಯಾಲಯದ ಮೊರೆಹೊಕ್ಕನು. ‘ನಿನಗೇಕೆ ಈ ಉಸಾಬರಿ?’ ಎಂದು ಯಾರಾದರೂ ಕೇಳಬಹುದಾದ ಸಂದರ್ಭವದು. ನ್ಯಾಯಾಲಯವು ಅವನ ಅಹವಾಲನ್ನು ಆಲಿಸಿತು. 2024ರ ನವೆಂಬರ್ ತಿಂಗಳಲ್ಲಿ ತೀರ್ಪು ಹೊರಬಿದ್ದಿತು. ಮಗುವಿನ ಮೇಲೆ ಶಾಲೆಯಲ್ಲಿ ನಡೆದ ಇಂತಹ ಕೃತ್ಯವು ಇಬ್ಬರ ನಡುವಣ ಖಾಸಗಿ ವ್ಯವಹಾರವಲ್ಲ, ಸಮಾಜದ ಮೇಲೆಯೇ ಎಸಗಿದ ಅಪರಾಧ. ಆದುದರಿಂದ ರಾಜಿಯ ಆಧಾರದ ಮೇಲೆ ಅದನ್ನು ಮುಚ್ಚಿಹಾಕುವಂತಿಲ್ಲ ಎಂದು ನ್ಯಾಯಾಲಯವು ಸಾರಿ, ಮೊಕದ್ದಮೆಯನ್ನು ಮತ್ತೆ ಜೀವಂತಗೊಳಿಸಿತು.

ಮಕ್ಕಳ ರಕ್ಷಣೆಗೆಂದೇ ರೂಪಿತವಾದ ಕಾಯಿದೆಯೊಂದು ಈ ತೀರ್ಪಿನ ಹಿಂದಿದೆ. ಲೈಂಗಿಕ ಅಪರಾಧಗಳಿಂದ ಮಕ್ಕಳನ್ನು ರಕ್ಷಿಸುವ ಕಾಯಿದೆ ಎಂಬುದು ಅದರ ಹೆಸರು; ಜನರ ಬಾಯಲ್ಲಿ ಅದು ‘ಪೋಕ್ಸೋ’ ಎಂದೇ ಪ್ರಸಿದ್ಧ. 2012ರ ನವೆಂಬರ್ 14ರಂದು, ಮಕ್ಕಳ ದಿನಾಚರಣೆಯ ದಿನವೇ, ಅದು ಜಾರಿಗೆ ಬಂದಿತು. ಹದಿನೆಂಟು ವರ್ಷ ತುಂಬದ ಎಲ್ಲರೂ ಅದರ ದೃಷ್ಟಿಯಲ್ಲಿ ಮಕ್ಕಳೇ. ಬಾಲಕಿಯರಿಗೆ ಮಾತ್ರ ಈ ರಕ್ಷಣೆ ಎಂಬುದು ತಪ್ಪು ತಿಳಿವಳಿಕೆ. ಬಾಲಕರಿಗೂ ಇದು ಸಮನಾಗಿ ಸಲ್ಲುತ್ತದೆ. ಹುಡುಗರಾದವರು ನೋವನ್ನು ಹೇಳಿಕೊಂಡರೆ ಹಾಸ್ಯಕ್ಕೆ ಗುರಿಯಾಗುತ್ತಾರೆಂಬ ಅಂಜಿಕೆ ಇನ್ನೂ ಅಳಿದಿಲ್ಲವಾದುದರಿಂದ ಈ ಮಾತನ್ನು ಒತ್ತಿ ಹೇಳಬೇಕಾಗಿದೆ. ಶಾಲೆಯ ಸಿಬ್ಬಂದಿಯೇ ಅಪರಾಧವೆಸಗಿದರೆ ಶಿಕ್ಷೆ ಹೆಚ್ಚು. ನಂಬಿಕೆಗೆ ದ್ರೋಹ ಬಗೆದವನ ಅಪರಾಧ ಮಿಗಿಲಾದುದೆಂಬ ಲೋಕದ ತಿಳಿವನ್ನೇ ಕಾಯಿದೆಯೂ ಅನುಸರಿಸಿದೆ.

ಈ ಕಾಯಿದೆಯು ಹಿರಿಯರ ಮೇಲೆ ಹೊರಿಸಿರುವ ಹೊಣೆಯೂ ಚಿಕ್ಕದಲ್ಲ. ಮಗುವಿನ ಮೇಲೆ ಇಂತಹ ಅಪರಾಧ ನಡೆದಿದೆಯೆಂದು ತಿಳಿದ ಯಾರೇ ಆಗಲಿ ಪೊಲೀಸರಿಗೆ ತಿಳಿಸಲೇಬೇಕು. ತಿಳಿಸದವರಿಗೆ ಆರು ತಿಂಗಳವರೆಗೆ ಸೆರೆವಾಸ ವಿಧಿಸಬಹುದು. ತನ್ನ ಕೈಕೆಳಗಿನವನ ಕೃತ್ಯವನ್ನು ಬಚ್ಚಿಟ್ಟವನು ಸಂಸ್ಥೆಯ ಮುಖ್ಯಸ್ಥನೇ ಆಗಿದ್ದರೆ ಶಿಕ್ಷೆ ಒಂದು ವರ್ಷದವರೆಗೂ ಹೋಗಬಹುದು. ‘ಮೊದಲು ನಮ್ಮ ಶಾಲೆಯಲ್ಲಿಯೇ ವಿಚಾರಿಸಿ ನೋಡೋಣ, ಆಮೇಲೆ ಠಾಣೆಯ ಮಾತು’ ಎಂದು ಕಾಲ ತಳ್ಳುವುದಕ್ಕೆ ಇಲ್ಲಿ ಎಡೆಯಿಲ್ಲ. ಶಾಲೆಯ ಕೀರ್ತಿಯನ್ನು ಉಳಿಸಬೇಕೆನ್ನುವ ಮುಖ್ಯೋಪಾಧ್ಯಾಯರಿಗೆ ಈ ವಿಧಿ ಕಠಿಣವೆನಿಸಬಹುದು. ಆದರೆ ಅದು ಕಠಿಣವಾಗಿರುವುದೇ ಸರಿ. ತಿಳಿಸಲಿಲ್ಲವೆಂದು ಮಗುವನ್ನು ಮಾತ್ರ ಯಾರೂ ದಂಡಿಸುವಂತಿಲ್ಲ, ಭಾರವೆಲ್ಲ ದೊಡ್ಡವರದೇ.

ಪೊಲೀಸ್ ಠಾಣೆ ಎಂದೊಡನೆ ಮಕ್ಕಳ ಎದೆ ನಡುಗುವುದು ಸಹಜ. ಕಾಯಿದೆಯು ಇದನ್ನು ಅರಿತಿದೆ. ಮಗುವಿನ ಹೇಳಿಕೆಯನ್ನು ಅದರ ಮನೆಯಲ್ಲಿಯೋ ಅದು ಇಷ್ಟಪಟ್ಟ ಸ್ಥಳದಲ್ಲಿಯೋ ಬರೆದುಕೊಳ್ಳಬೇಕು, ಸಾಧ್ಯವಾದಮಟ್ಟಿಗೆ ಮಹಿಳಾ ಅಧಿಕಾರಿಯೇ ಬರೆದುಕೊಳ್ಳಬೇಕು, ಆಕೆ ಸಮವಸ್ತ್ರದಲ್ಲಿರಕೂಡದು. ತಾಯಿತಂದೆಯರೋ ಮಗುವಿಗೆ ನಂಬಿಕೆಯುಳ್ಳ ಬೇರೊಬ್ಬರೋ ಜೊತೆಯಲ್ಲಿರಬೇಕು. ರಾತ್ರಿಯ ವೇಳೆ ಮಗುವನ್ನು ಠಾಣೆಯಲ್ಲಿ ಇರಿಸಿಕೊಳ್ಳುವಂತಿಲ್ಲ. ಬರೆದುಕೊಂಡದ್ದು ಮಗುವಿಗೆ ಅರ್ಥವಾಗುವ ಸರಳ ಮಾತಿನಲ್ಲಿರಬೇಕು. ಬರೆಯುವ ಭಾಷೆ ಮಗುವಿಗೆ ತಿಳಿಯದಿದ್ದರೆ ದುಭಾಷಿಯನ್ನು ಒದಗಿಸಬೇಕು. ಮನೆಯಲ್ಲಿ ತೆಲುಗನ್ನೋ ಉರ್ದುವನ್ನೋ ತಾಂಡಾದ ಲಂಬಾಣಿ ನುಡಿಯನ್ನೋ ಆಡುವ ಮಕ್ಕಳು ಬಹಳವಿರುವ ರಾಯಚೂರು ಸೀಮೆಯಲ್ಲಿ ಈ ಕೊನೆಯ ಅಂಶ ಬರಿಯ ಉಪಚಾರದ ಮಾತಲ್ಲ. ಒಂದು ಪದ ಹೆಚ್ಚುಕಡಿಮೆಯಾದರೆ ನಾಳೆ ನ್ಯಾಯಾಲಯದಲ್ಲಿ ಮಗುವಿನ ಮಾತೇ ಮಗುವಿಗೆ ಎದುರಾಗಿ ನಿಲ್ಲಬಹುದು.

ಇಷ್ಟಾದರೂ ವಿಧಿಗಳು ಪುಸ್ತಕದಲ್ಲಿವೆ. ಅವು ನಡೆಯುತ್ತಿವೆಯೇ ಎಂದು ನೋಡುವವರು ಯಾರು? ಹೊಲದ ಕೂಲಿಗೆ ಹೋಗುವ ತಂದೆಗೆ ಕಾಯಿದೆಯ ಯಾವ ಕಲಂ ತಿಳಿದೀತು? ನ್ಯಾಯವಾದಿಯ ನೆರವು ಬೇಕಾಗುವುದು ಇಲ್ಲಿಯೇ. ಅಪರಾಧದ ಮೊಕದ್ದಮೆಯನ್ನು ನಡೆಸುವವನು ಸರ್ಕಾರದ ಅಭಿಯೋಜಕ. ಅವನು ರಾಜ್ಯದ ಪರವಾಗಿ ವಾದಿಸುತ್ತಾನೆಯೇ ಹೊರತು ನೊಂದವರ ಖಾಸಗಿ ವಕೀಲನಲ್ಲ. ಹೀಗಾಗಿ ಬಹುಕಾಲ ನೊಂದವಳು ತನ್ನ ಮೊಕದ್ದಮೆಯಲ್ಲಿ ತಾನೇ ಪರಕೀಯಳಂತೆ, ಬರಿಯ ಸಾಕ್ಷಿಯಂತೆ ಮೂಲೆಯಲ್ಲಿ ನಿಂತಿರಬೇಕಾಗಿತ್ತು. ದೆಹಲಿಯ ಮನೆಗೆಲಸದ ಮಹಿಳೆಯರ ವೇದಿಕೆಯೊಂದು ತಂದ ಮೊಕದ್ದಮೆಯಲ್ಲಿ 1994ರಲ್ಲಿ ಸರ್ವೋಚ್ಚ ನ್ಯಾಯಾಲಯವು ಈ ಕೊರತೆಯನ್ನು ಎತ್ತಿ ತೋರಿಸಿತು. ಅತ್ಯಾಚಾರದ ದೂರು ಕೊಡುವವರಿಗೆ ಠಾಣೆಯ ಹಂತದಿಂದಲೇ ವಕೀಲರ ನೆರವು ದೊರೆಯಬೇಕು, ಆ ಹಕ್ಕು ಅವರಿಗೆ ಇದೆಯೆಂಬುದನ್ನು ಪೊಲೀಸರೇ ತಿಳಿಸಬೇಕು ಎಂದಿತು. ಮಕ್ಕಳ ಕಾಯಿದೆಯು ಒಂದು ಹೆಜ್ಜೆ ಮುಂದೆ ಹೋಗಿ, ಮಗುವಿನ ಕುಟುಂಬಕ್ಕೆ ವಕೀಲರನ್ನು ಇಟ್ಟುಕೊಳ್ಳುವ ಹಕ್ಕಿದೆಯೆಂದೂ, ಅವರಿಗೆ ಶಕ್ತಿಯಿಲ್ಲದಿದ್ದರೆ ಕಾನೂನು ಸೇವಾ ಪ್ರಾಧಿಕಾರವೇ ವಕೀಲರನ್ನು ಕೊಡಬೇಕೆಂದೂ ವಿಧಿಸಿದೆ. ಈ ವಕೀಲರು ಅಭಿಯೋಜಕರಿಗೆ ನೆರವಾಗುತ್ತಾರೆ. ಮಗುವಿನ ಹೆಸರು ಹೊರಬೀಳದಂತೆ, ಮತ್ತೆ ಮತ್ತೆ ಅದನ್ನು ನ್ಯಾಯಾಲಯಕ್ಕೆ ಅಲೆದಾಡಿಸದಂತೆ, ಸಾಕ್ಷಿ ಹೇಳುವಾಗ ಆರೋಪಿಯ ಕಣ್ಣೆದುರು ನಿಲ್ಲಿಸದಂತೆ ನೋಡಿಕೊಳ್ಳುತ್ತಾರೆ. ಪರಿಹಾರಕ್ಕೆ ಅರ್ಜಿ ಸಲ್ಲಿಸುತ್ತಾರೆ.

ಆರೋಪಕ್ಕೆ ಒಳಗಾದವನ ಪಕ್ಷವನ್ನೂ ಇಲ್ಲಿ ನೆನೆಯಬೇಕು. 2014ರ ಜುಲೈ ತಿಂಗಳಲ್ಲಿ ಬೆಂಗಳೂರಿನ ಶಾಲೆಯೊಂದರಲ್ಲಿ ಆರು ವರ್ಷದ ಬಾಲಕಿಯ ಮೇಲೆ ದೌರ್ಜನ್ಯ ನಡೆದ ಸುದ್ದಿ ಹಬ್ಬಿದಾಗ ಸಾವಿರಾರು ತಂದೆತಾಯಿಯರು ಬೀದಿಗಿಳಿದರು. ಆ ಆಕ್ರೋಶ ನ್ಯಾಯವಾದುದೇ. ಆದರೆ ಮೊದಲು ಬಂಧಿತನಾದವನು ಒಬ್ಬ; ಕೆಲವು ದಿನಗಳ ಅನಂತರ ತನಿಖೆ ಮುಂದುವರಿದಂತೆ ಪೊಲೀಸರು ಬಂಧಿಸಿದ್ದು ಬೇರೆ ಇಬ್ಬರನ್ನು. ತನಿಖೆಗೆ ಮೊದಲೇ ತೀರ್ಪು ಕೊಡುವ ಗುಂಪಿನ ಕೈಗೆ ನ್ಯಾಯ ಸಿಕ್ಕಿದರೆ ನಿರಪರಾಧಿ ಸಿಕ್ಕಿಬಿದ್ದು, ನಿಜವಾದ ಅಪರಾಧಿ ಗುಂಪಿನಲ್ಲಿಯೇ ನಿಂತು ಕೂಗುತ್ತಿರಬಹುದು. ಬಂಧಿತನಿಗೆ ತನ್ನ ಆಯ್ಕೆಯ ವಕೀಲರನ್ನು ಕಾಣುವ ಹಕ್ಕನ್ನು ಸಂವಿಧಾನದ 22ನೆಯ ವಿಧಿ ಕೊಟ್ಟಿದೆ. ಬಂಧನದಲ್ಲಿರುವವನಿಗೂ ಉಚಿತ ನೆರವು ಉಂಟು. ಇದು ಅಪರಾಧಿಗೆ ತೋರಿದ ದಯೆಯಲ್ಲ. ಎರಡೂ ಕಡೆಯ ಮಾತನ್ನು ಕೇಳಿ ಕೊಟ್ಟ ತೀರ್ಪು ಮಾತ್ರ ಮೇಲಿನ ನ್ಯಾಯಾಲಯದಲ್ಲಿಯೂ ಗಟ್ಟಿಯಾಗಿ ನಿಲ್ಲುತ್ತದೆ.

ಶಾಲೆಯನ್ನು ದಾಟಿ ಕಾಲೇಜಿಗೆ ಬಂದರೆ ಚಿತ್ರ ಬೇರೆಯಾಗುತ್ತದೆ. ಹದಿನೆಂಟು ತುಂಬಿದ ವಿದ್ಯಾರ್ಥಿನಿಯು ಪೊಲೀಸರ ಬಳಿಗೆ ಹೋಗಬಹುದು, ಕಾಲೇಜಿನ ಆಂತರಿಕ ಸಮಿತಿಯ ಬಳಿಗೂ ಹೋಗಬಹುದು, ಎರಡನ್ನೂ ಮಾಡಬಹುದು. ಈ ಸಮಿತಿಗಳ ಹುಟ್ಟಿಗೆ ಕಾರಣಳಾದವಳು ವಿಶ್ವವಿದ್ಯಾನಿಲಯದ ಪಂಡಿತೆಯಲ್ಲ, ರಾಜಸ್ಥಾನದ ಭಟೇರಿ ಎಂಬ ಗ್ರಾಮದ ಬಡ ಮಹಿಳೆ. ಸರ್ಕಾರದ ಮಹಿಳಾ ಅಭಿವೃದ್ಧಿ ಯೋಜನೆಯಲ್ಲಿ ಕಾರ್ಯಕರ್ತೆಯಾಗಿದ್ದ ಭಂವರಿ ದೇವಿ, ಹಸುಗೂಸೊಂದರ ಬಾಲ್ಯವಿವಾಹವನ್ನು ತಡೆಯಲು ಯತ್ನಿಸಿದ್ದಕ್ಕಾಗಿ 1992ರಲ್ಲಿ ಊರಿನ ಬಲಾಢ್ಯರ ಸೇಡಿಗೆ ಗುರಿಯಾಗಿ ದೌರ್ಜನ್ಯಕ್ಕೆ ಒಳಗಾದರು. ಕೆಳಗಿನ ನ್ಯಾಯಾಲಯವು ಅತ್ಯಾಚಾರದ ಆರೋಪದಿಂದ ಆರೋಪಿಗಳನ್ನು ಬಿಡುಗಡೆ ಮಾಡಿತು. ಆದರೆ ಆಕೆಯ ಪ್ರಸಂಗದಿಂದ ಎಚ್ಚೆತ್ತ ವಿಶಾಖಾ ಮೊದಲಾದ ಸಂಸ್ಥೆಗಳು ಸರ್ವೋಚ್ಚ ನ್ಯಾಯಾಲಯದ ಮೆಟ್ಟಿಲೇರಿದವು. 1997ರ ಆಗಸ್ಟ್ 13ರಂದು ಮುಖ್ಯ ನ್ಯಾಯಮೂರ್ತಿ ಜೆ. ಎಸ್. ವರ್ಮಾ ಅವರ ಪೀಠವು, ಕೆಲಸದ ಸ್ಥಳಗಳಲ್ಲೆಲ್ಲ ದೂರು ಕೇಳುವ ಸಮಿತಿ ಇರಬೇಕೆಂದು ಆದೇಶವಿತ್ತಿತು. ಸಂಸತ್ತು ಅದನ್ನು ಕಾಯಿದೆಯಾಗಿಸಲು 2013ರವರೆಗೆ, ಅಂದರೆ ಹದಿನಾರು ವರ್ಷ, ತೆಗೆದುಕೊಂಡಿತು. ಅನಂತರ ವಿಶ್ವವಿದ್ಯಾನಿಲಯ ಧನಸಹಾಯ ಆಯೋಗವು 2015ರ ತನ್ನ ನಿಯಮಾವಳಿಯ ಮೂಲಕ ವಿದ್ಯಾರ್ಥಿನಿಯರನ್ನೂ ಸ್ಪಷ್ಟವಾಗಿ ಈ ರಕ್ಷಣೆಯೊಳಗೆ ತಂದಿತು.

ಸಮಿತಿಯ ಅಧ್ಯಕ್ಷೆ ಹಿರಿಯ ಮಹಿಳೆಯೇ ಆಗಿರಬೇಕು. ಸದಸ್ಯರಲ್ಲಿ ಅರ್ಧದಷ್ಟಾದರೂ ಮಹಿಳೆಯರಿರಬೇಕು. ಹೊರಗಿನ ಸಂಸ್ಥೆಯ ಒಬ್ಬರಿರಬೇಕು. ವಿಷಯ ವಿದ್ಯಾರ್ಥಿಗಳಿಗೆ ಸಂಬಂಧಿಸಿದ್ದರೆ ಚುನಾಯಿತರಾದ ಮೂವರು ವಿದ್ಯಾರ್ಥಿಗಳೂ ಇರಬೇಕು. ಘಟನೆ ನಡೆದ ಮೂರು ತಿಂಗಳೊಳಗೆ ದೂರು ಕೊಡಬೇಕು. ಸಕಾರಣವಿದ್ದರೆ ಸಮಿತಿ ಇನ್ನೂ ಮೂರು ತಿಂಗಳು ವಿಸ್ತರಿಸಬಹುದು. ತೊಂಬತ್ತು ದಿನಗಳಲ್ಲಿ ವಿಚಾರಣೆ ಮುಗಿಯಬೇಕು. ದೂರಿಗೆ ಒಳಗಾದವನು ಅಧ್ಯಾಪಕನಾಗಿದ್ದರೆ, ವಿಚಾರಣೆ ಮುಗಿಯುವವರೆಗೆ ದೂರುದಾರಳ ಉತ್ತರಪತ್ರಿಕೆಯನ್ನು ಅವನು ತಿದ್ದದಂತೆ ತಡೆಯಬಹುದು. ಅಂಕದ ಬೆದರಿಕೆಯಿಂದಲೇ ಎಷ್ಟೋ ಬಾಯಿಗಳು ಮುಚ್ಚಿಹೋಗುತ್ತವೆಂಬುದನ್ನು ಬಲ್ಲವರು ಬರೆದ ನಿಯಮವಿದು. ದೂರನ್ನು ಸಿದ್ಧಪಡಿಸಲು ಸಾಕ್ಷ್ಯ ಸಾಲಲಿಲ್ಲವೆಂದ ಮಾತ್ರಕ್ಕೆ ದೂರು ಕೊಟ್ಟವಳನ್ನು ಸುಳ್ಳುಗಾರ್ತಿಯೆಂದು ದಂಡಿಸುವಂತಿಲ್ಲ. ದುರುದ್ದೇಶದಿಂದ ಸುಳ್ಳು ಹೇಳಿದ್ದು ವಿಚಾರಣೆಯಿಂದ ಸ್ಥಾಪಿತವಾದರೆ ಮಾತ್ರ ಕ್ರಮ.

ಒಂದು ಸೋಜಿಗವೆಂದರೆ, 2013ರ ಕಾಯಿದೆಯ ನಿಯಮಗಳ ಪ್ರಕಾರ ಈ ಸಮಿತಿಯ ಕೋಣೆಯೊಳಗೆ ವಕೀಲರಿಗೆ ಪ್ರವೇಶವಿಲ್ಲ. ದೂರುದಾರಳೂ ಎದುರುಪಕ್ಷದವನೂ ತಮ್ಮ ಮಾತನ್ನು ತಾವೇ ಆಡಬೇಕು. ಹಣವುಳ್ಳವನು ಚತುರ ವಕೀಲರನ್ನು ಮುಂದೆ ನಿಲ್ಲಿಸಿ, ಬಡವರ ಮನೆಯ ಹುಡುಗಿಯನ್ನು ಅಡ್ಡಪ್ರಶ್ನೆಗಳಿಂದ ಕಂಗೆಡಿಸಬಾರದೆಂಬುದಕ್ಕೆ ಇದು ಒಳ್ಳೆಯ ತಡೆ. ಆದರೆ ಬಾಗಿಲ ಹೊರಗೆ ವಕೀಲರ ಸಲಹೆ ಪಡೆಯಲು ಯಾವ ಅಡ್ಡಿಯೂ ಇಲ್ಲ. ದೂರನ್ನು ದಿನಾಂಕ, ಸ್ಥಳಗಳೊಡನೆ ಕ್ರಮವಾಗಿ ಬರೆಯುವುದು, ಸಾಕ್ಷಿಗಳನ್ನು ಹೆಸರಿಸುವುದು, ಸಂದೇಶಗಳನ್ನು ಅಳಿಸದೆ ಕಾಪಾಡಿಕೊಳ್ಳುವುದು, ಎದುರುಪಕ್ಷದ ಉತ್ತರವನ್ನು ಓದಿ ತಿಳಿಯುವುದು, ವರದಿ ಒಪ್ಪಿಗೆಯಾಗದಿದ್ದರೆ ಅವಧಿಯೊಳಗೆ ಮೇಲ್ಮನವಿ ಸಲ್ಲಿಸುವುದು, ಇವೆಲ್ಲವೂ ಬಲ್ಲವರ ನೆರವಿನಿಂದ ಸುಗಮವಾಗುತ್ತವೆ.

ವಕೀಲರ ಶುಲ್ಕದ ಚಿಂತೆ ಇಲ್ಲಿ ಬೇಡ. ಬಡತನದಿಂದಾಗಿ ಯಾರಿಗೂ ನ್ಯಾಯ ತಪ್ಪಬಾರದೆಂಬ ನಿರ್ದೇಶನವು 1976ರ ತಿದ್ದುಪಡಿಯಿಂದ ಸಂವಿಧಾನದ 39ಎ ವಿಧಿಯಾಗಿ ಸೇರಿತು. ಅದರಂತೆ 1987ರಲ್ಲಿ ಕಾನೂನು ಸೇವಾ ಪ್ರಾಧಿಕಾರಗಳ ಕಾಯಿದೆ ರಚಿತವಾಗಿ 1995ರ ನವೆಂಬರ್ 9ರಂದು ಜಾರಿಗೆ ಬಂದಿತು. ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಪಂಗಡದವರು ಇವರಿಗೆ ಆದಾಯವನ್ನು ಲೆಕ್ಕಿಸದೆ ಉಚಿತ ವಕೀಲರು ದೊರೆಯುತ್ತಾರೆ. ರಾಯಚೂರಿನಲ್ಲಿ ಜಿಲ್ಲಾ ಪ್ರಾಧಿಕಾರವಿದೆ. ಮಾನ್ವಿ, ದೇವದುರ್ಗದವರು ತಮ್ಮ ತಾಲ್ಲೂಕಿನ ನ್ಯಾಯಾಲಯದಲ್ಲಿಯೇ ವಿಚಾರಿಸಬಹುದು. ದೂರವಾಣಿಯಲ್ಲಿ 15100 ಎಂಬ ಸಂಖ್ಯೆ ಕಾನೂನಿನ ನೆರವಿಗೂ, 1098 ಎಂಬುದು ಮಕ್ಕಳ ರಕ್ಷಣೆಗೂ ಮೀಸಲಾಗಿವೆ. ಎರಡಕ್ಕೂ ಹಣ ತೆರಬೇಕಾಗಿಲ್ಲ. ಪ್ರಾಧಿಕಾರಕ್ಕೆ ಕೊಡುವ ಅರ್ಜಿ ಕನ್ನಡದಲ್ಲಿದ್ದರೆ ಸಾಕು. ಬರೆಯಲು ಬಾರದವರು ಬಂದರೆ ಅವರು ಬಾಯಲ್ಲಿ ಹೇಳಿದುದನ್ನು ಕಚೇರಿಯವರೇ ಬರೆದುಕೊಂಡು, ಕೆಳಗೆ ಹೆಬ್ಬೆಟ್ಟಿನ ಗುರುತು ಪಡೆಯಬೇಕು. ಮೊಮ್ಮಗಳ ಕೈಹಿಡಿದು ಮೊದಲ ಬಸ್ಸಿಗೆ ಬಂದಿಳಿದ ಅಜ್ಜಿಯ ಹೆಬ್ಬೆಟ್ಟಾದರೂ ಅಲ್ಲಿ ನಡೆಯುತ್ತದೆ.