ಹಳೆಯ ಡೀಸೆಲ್ ಎಂಜಿನ್ನುಗಳ ರಕ್ಷಣೆ

ರೋಣ ತಾಲೂಕಿನ ಹೊಳೆ ಆಲೂರಿನ ರೈಲುಮಾರ್ಗವು ಮೊದಲು ಮೀಟರ್ ಗೇಜಿನದಾಗಿದ್ದಿತು; ಹಳಿಗಳ ನಡುವಣ ಅಂತರವು 1000 ಮಿಲಿಮೀಟರ್ ಮಾತ್ರ. ಈ ಶತಮಾನದ ಮೊದಲ ದಶಕದಲ್ಲಿ ಅದನ್ನು 1676 ಮಿಲಿಮೀಟರಿನ ಬ್ರಾಡ್ ಗೇಜಿಗೆ ಮಾರ್ಪಡಿಸಲಾಗಿ, ಕಿರುಹಳಿಯ ಎಂಜಿನ್ನುಗಳಿಗೆ ಇಲ್ಲಿ ನೆಲೆಯೇ ಇಲ್ಲದಾಯಿತು.

ಹೊಗೆಯುಗುಳುವ ಉಗಿಯಂತ್ರವನ್ನು ಕಾಪಾಡಬೇಕೆಂದರೆ ಎಲ್ಲರೂ ಒಪ್ಪುವರು; ಪೆಟ್ಟಿಗೆಯಂತಿರುವ ಡೀಸೆಲ್ ಎಂಜಿನ್ನನ್ನು ಕೇಳುವವರಾರು? ಅದರೊಳಗೆ ಎಣ್ಣೆಯುರಿದು ಜನರೇಟರು ತಿರುಗುವುದನ್ನೂ, ಆ ವಿದ್ಯುತ್ತಿನಿಂದ ಗಾಲಿಗಳ ಮೋಟಾರುಗಳು ನಡೆಯುವುದನ್ನೂ ನಮ್ಮ ಬಾಲಿಕೆಯರು ಪುಸ್ತಕದಿಂದಲೇ ಅರಿಯಬೇಕೇ?

ಇಂಗ್ಲೆಂಡಿನಲ್ಲಿ 1977ರಲ್ಲಿ ಹುಟ್ಟಿದ ಡೆಲ್ಟಿಕ್ ಪ್ರಿಸರ್ವೇಶನ್ ಸೊಸೈಟಿಯ ಸ್ವಯಂಸೇವಕರು ಹಣ ಕೂಡಿಸಿ ಮೂರು ಡೆಲ್ಟಿಕ್ ಎಂಜಿನ್ನುಗಳನ್ನು ಕೊಂಡರು. 22ರಲ್ಲಿ ಒಟ್ಟು ಆರು ಉಳಿದವು.

ಹುಬ್ಬಳ್ಳಿಯಲ್ಲಿ 2020ರಲ್ಲಿ ರೈಲ್ವೆ ವಸ್ತುಸಂಗ್ರಹಾಲಯವು ತೆರೆಯಿತು. ಪಾಲಕರು ಮಕ್ಕಳನ್ನು ಅಲ್ಲಿಗೆ ಕರೆದೊಯ್ಯಲಿ. ಆದರೆ ಬಹುಕಾಲ ನಿಂತೇ ಇರುವ ಡೀಸೆಲ್ ಎಂಜಿನ್ನಿನಲ್ಲಿ ರಬ್ಬರು ಒಣಗುವುದು, ಒಳಗೆ ತುಕ್ಕು ಸೇರುವುದು. ಅದನ್ನು ಮರಳಿ ನಡೆಸಬಲ್ಲ ಕೈಗಳು ಶೆಡ್ಡುಗಳಲ್ಲಿ ದುಡಿದು ನಿವೃತ್ತರಾದವರವು, ಅವರಿಗೂ ವಯಸ್ಸಾಗುತ್ತಲಿದೆ.