ಗಣಿತಜ್ಞನ ಇನ್ನೊಂದು ಲೋಕ

1959ರ ಆರಂಭದ ಒಂದು ದಿನ, ಅಮೆರಿಕದ ಮೆಸಾಚುಸೆಟ್ಸ್ ತಂತ್ರಜ್ಞಾನ ಸಂಸ್ಥೆಯಲ್ಲಿ ಅಧ್ಯಾಪಕರು ಸೇರುವ ಕೊಠಡಿಗೆ ಮೂವತ್ತರ ಹರೆಯದ ಗಣಿತಜ್ಞರೊಬ್ಬರು ವೃತ್ತಪತ್ರಿಕೆಯನ್ನು ಹಿಡಿದು ಬಂದರು. ಅನ್ಯಲೋಕದ ಶಕ್ತಿಗಳು ಆ ಪತ್ರಿಕೆಯ ಮೂಲಕ ಗೂಢ ಸಂದೇಶಗಳನ್ನು ಕಳುಹಿಸುತ್ತಿವೆಯೆಂದೂ ಅವುಗಳನ್ನು ಓದಬಲ್ಲವನು ತಾನೊಬ್ಬನೇ ಎಂದೂ ಹೇಳಿದರು. ಕೆಲವರು ಅದನ್ನು ವಿನೋದವೆಂದು ಬಗೆದರು. ಅವರು ಜಾನ್ ನ್ಯಾಶ್. 1950ರಲ್ಲಿ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯಕ್ಕೆ ಅವರು ಸಲ್ಲಿಸಿದ್ದ ಕೇವಲ 28 ಪುಟಗಳ ಪ್ರಬಂಧವು ಮುಂದೆ ಅರ್ಥಶಾಸ್ತ್ರದ ಚಿಂತನೆಗೇ ಹೊಸ ತಿರುವನ್ನು ಕೊಟ್ಟಿತು.

ನ್ಯಾಶ್ ಅವರಿಗೆ ಬಂದಿದ್ದ ಕಾಯಿಲೆಯ ಹೆಸರು ಸ್ಕಿಜೋಫ್ರೇನಿಯ. ಕನ್ನಡದಲ್ಲಿ ಇದನ್ನು ಚಿತ್ತವಿಕಲತೆ ಎನ್ನುವುದುಂಟು. ಪ್ರಪಂಚದಲ್ಲಿ ಸುಮಾರು 300 ಜನರಲ್ಲಿ ಒಬ್ಬರನ್ನು ಇದು ಬಾಧಿಸುತ್ತದೆ. ಬಹುಮಟ್ಟಿಗೆ ಹದಿಹರೆಯದ ಕೊನೆಯಲ್ಲಿ ಅಥವಾ ಇಪ್ಪತ್ತು ಮೂವತ್ತರ ನಡುವೆ ತಲೆದೋರುತ್ತದೆ. ಒಬ್ಬನೊಳಗೆ ಇಬ್ಬರು ಮನುಷ್ಯರಿರುವ ಕಾಯಿಲೆಯಿದು ಎಂಬ ಜನಜನಿತ ನಂಬಿಕೆ ತಪ್ಪು. ಯಾರೂ ಇಲ್ಲದೆಡೆ ರೋಗಿಗೆ ಧ್ವನಿಗಳು ಕೇಳಿಸುತ್ತವೆ. ಇಲ್ಲದ ಸಂಚುಗಳು ಕಾಣುತ್ತವೆ. ಆಲೋಚನೆಯ ಎಳೆ ಕಡಿದುಹೋಗುತ್ತದೆ. ಸ್ನಾನ, ಊಟ, ಮಾತುಕತೆಗಳಲ್ಲಿಯೂ ಆಸಕ್ತಿ ಬತ್ತುವುದುಂಟು. ಈ ಕೊನೆಯ ಲಕ್ಷಣವನ್ನು ಮನೆಯವರು ಸೋಮಾರಿತನವೆಂದು ಭಾವಿಸಿ ಗದರಿಸುತ್ತಾರೆ. ಪಾಪ, ಅವರಿಗಾದರೂ ತಿಳಿಯುವುದು ಹೇಗೆ? ವಂಶಗುಣ, ಮಿದುಳಿನ ರಾಸಾಯನಿಕಗಳ ಏರುಪೇರು, ಬಾಳಿನ ಒತ್ತಡ ಮುಂತಾದವು ಕೂಡಿ ಈ ರೋಗವನ್ನು ತರುತ್ತವೆ. ದೆವ್ವಕ್ಕೂ ಮಾಟಕ್ಕೂ ಇದರಲ್ಲಿ ಪಾತ್ರವಿಲ್ಲ.

ಅಷ್ಟು ಕುಶಾಗ್ರಮತಿಯಾದ ತಾರ್ಕಿಕನು ಇಂಥ ಅಸಂಬದ್ಧ ವಿಚಾರಗಳನ್ನು ನಂಬಿದ್ದೆಂತು? ಆಸ್ಪತ್ರೆಗೆ ನೋಡಲು ಹೋದ ಗೆಳೆಯರೊಬ್ಬರು ನ್ಯಾಶ್ ಅವರನ್ನೇ ಹೀಗೆ ಕೇಳಿದರು. ಗಣಿತದ ಹೊಳಹುಗಳು ಬಂದ ದಾರಿಯಲ್ಲಿಯೇ ಇವೂ ಬಂದುದರಿಂದ ಇವನ್ನೂ ನಂಬಿದೆನೆಂಬುದು ಅವರ ಉತ್ತರದ ತಾತ್ಪರ್ಯ. ನಮ್ಮ ಕಿವಿಯನ್ನು ನಾವು ನಂಬುವಷ್ಟೇ ಸಹಜವಾಗಿ ರೋಗಿಯೂ ತನ್ನ ಕಿವಿಯನ್ನು ನಂಬುತ್ತಾನೆ. ಎಲ್ಲವೂ ಸುಳ್ಳೆಂದು ವಾದಿಸುವವರನ್ನು ಅವನು ಸಂಚುಗಾರರ ಸಾಲಿಗೆ ಸೇರಿಸಿಬಿಡುವುದೂ ಉಂಟು. ಆತನ ಭಯ ಮಾತ್ರ ನಿಜವಾದ ಭಯ; ಅದನ್ನು ಒಪ್ಪಿಕೊಂಡು ಮಾತಿಗೆ ತೊಡಗಬೇಕು.

ನ್ಯಾಶ್ ಹಲವು ಬಾರಿ ಆಸ್ಪತ್ರೆ ಸೇರಿದರು. 1961ರಲ್ಲಿ ಇನ್ಸುಲಿನ್ ಕೊಟ್ಟು ಪ್ರಜ್ಞೆ ತಪ್ಪಿಸುವ ಕಠೋರ ಚಿಕಿತ್ಸೆಯನ್ನೂ ಅನುಭವಿಸಿದರು. ವೈದ್ಯರು ಆ ಪದ್ಧತಿಯನ್ನು ಮುಂದೆ ಕೈಬಿಟ್ಟರು. ಈ ರೋಗಕ್ಕೆ ಮೊದಲ ಪರಿಣಾಮಕಾರಿ ಔಷಧಿಯಾದ ಕ್ಲೋರ್‌ಪ್ರೊಮಜೀನ್ 1952ರಲ್ಲಿ ಫ್ರಾನ್ಸಿನಲ್ಲಿ ಬಳಕೆಗೆ ಬಂದಿತ್ತು. ಆದರೆ 1970ರ ಬಳಿಕ ನ್ಯಾಶ್ ಔಷಧಿಯನ್ನು ಸೇವಿಸಲಿಲ್ಲ. ಅವರನ್ನು ಕುರಿತ 2001ರ ಚಲನಚಿತ್ರ ಇದಕ್ಕೆ ವಿರುದ್ಧವಾದುದನ್ನೇ ಹೇಳುತ್ತದೆ. ಇದನ್ನು ಮಾದರಿಯೆಂದು ಎಣಿಸುವಂತಿಲ್ಲ. ಔಷಧಿಯನ್ನು ತಾವಾಗಿಯೇ ನಿಲ್ಲಿಸಿದವರಲ್ಲಿ ಬಹುಪಾಲು ಜನರಿಗೆ ಕಾಯಿಲೆ ಮರುಕಳಿಸುತ್ತದೆ.

ಅವರ ಪತ್ನಿ ಅಲೀಶಿಯಾ ಭೌತಶಾಸ್ತ್ರವನ್ನು ಓದಿದವರು. ದಣಿದ ಆಕೆ 1963ರಲ್ಲಿ ವಿವಾಹವಿಚ್ಛೇದನ ಪಡೆದರು. ಆದರೂ 1970ರಲ್ಲಿ ನ್ಯಾಶ್ ಅವರನ್ನು ತಮ್ಮ ಮನೆಗೆ ಕರೆತಂದು, ದುಡಿದು ಸಾಕಿದರು. ನ್ಯಾಶ್ ಪ್ರಿನ್ಸ್‌ಟನ್ನಿನ ಫೈನ್ ಹಾಲ್ ಎಂಬ ಗಣಿತ ವಿಭಾಗದ ಕಟ್ಟಡದಲ್ಲಿ ಮೌನವಾಗಿ ಅಲೆಯುತ್ತ ಕರಿಹಲಗೆಗಳ ಮೇಲೆ ವಿಚಿತ್ರ ಲೆಕ್ಕಗಳನ್ನು ಬರೆಯುತ್ತಿದ್ದರು. ವಿದ್ಯಾರ್ಥಿಗಳು ಅವರಿಗೆ ಭೂತವೆಂದು ಅಡ್ಡಹೆಸರಿಟ್ಟಿದ್ದರು. ಆದರೆ ಯಾರೂ ಹೊರದೂಡಲಿಲ್ಲ. ಗ್ರಂಥಾಲಯ ಅವರಿಗೆ ತೆರೆದಿತ್ತು, ಗಣಕಯಂತ್ರವೂ ದೊರೆಯುತ್ತಿತ್ತು. ವರ್ಷಗಳು ಉರುಳಿದಂತೆ ಧ್ವನಿಗಳ ಮಾತಿಗೆ ಕಿವಿಗೊಡದಿರಲು ಅವರು ಅಲ್ಪಸ್ವಲ್ಪವಾಗಿ ಕಲಿತರು. ಅವರ ಹಳೆಯ ಸಂಶೋಧನೆಗೆ 1994ರಲ್ಲಿ ನೊಬೆಲ್ ಪಾರಿತೋಷಕ ಸಂದಿತು. 2001ರಲ್ಲಿ ಅವರೂ ಅಲೀಶಿಯಾ ಅವರೂ ಮತ್ತೆ ಮದುವೆಯಾದರು. 2015ರ ಮೇ 23ರಂದು, ನಾರ್ವೆಯಲ್ಲಿ ಆಬೆಲ್ ಪ್ರಶಸ್ತಿಯನ್ನು ಸ್ವೀಕರಿಸಿ ಮನೆಗೆ ಮರಳುತ್ತಿದ್ದಾಗ, ಟ್ಯಾಕ್ಸಿ ಅಪಘಾತದಲ್ಲಿ ದಂಪತಿಗಳಿಬ್ಬರೂ ಜೊತೆಯಲ್ಲಿಯೇ ತೀರಿಕೊಂಡರು.