ಯಾವ ಚಿಕಿತ್ಸೆ ಮೇಲು? – ಆಸ್ಪತ್ರೆಯ ದಫ್ತರಗಳ ಸಾಕ್ಷ್ಯ

ಒಂದೇ ರೋಗಕ್ಕೆ ಎರಡು ಚಿಕಿತ್ಸೆಗಳಿವೆಯೆಂದು ಇಟ್ಟುಕೊಳ್ಳೋಣ. ಅವುಗಳಲ್ಲಿ ಯಾವುದು ಮೇಲು ಎಂಬ ಪ್ರಶ್ನೆಯು ರೋಗಿಯನ್ನೂ ವೈದ್ಯನನ್ನೂ ಸಮನಾಗಿ ಕಾಡತಕ್ಕದ್ದು. ಮೇಲುನೋಟಕ್ಕೆ ಉತ್ತರವು ಸುಲಭವೆಂದೇ ತೋರುತ್ತದೆ. ರೋಗಿಯ ವಯಸ್ಸು, ರೋಗದ ಲಕ್ಷಣ, ಕೊಟ್ಟ ಔಷಧ, ಬಂದ ಫಲ ಇವೆಲ್ಲವೂ ಆಸ್ಪತ್ರೆಯ ದಫ್ತರದಲ್ಲಿ ದಾಖಲಾಗಿರುತ್ತವೆ. ಲಕ್ಷಾಂತರ ರೋಗಿಗಳ ಇಂತಹ ದಾಖಲೆಗಳನ್ನು ಗಣಕಯಂತ್ರದ ನೆರವಿನಿಂದ ಇಂದು ಕೆಲವೇ ನಿಮಿಷಗಳಲ್ಲಿ ಎಣಿಸಿಬಿಡಬಹುದು. ಮೊದಲನೆಯ ಚಿಕಿತ್ಸೆ ಪಡೆದವರಲ್ಲಿ ನೂರಕ್ಕೆ ಎಷ್ಟು ಮಂದಿ ಗುಣಹೊಂದಿದರು, ಎರಡನೆಯದನ್ನು ಪಡೆದವರಲ್ಲಿ ಎಷ್ಟು ಮಂದಿ, ಎಂದು ಲೆಕ್ಕಹಾಕಿ ಹೋಲಿಸಿದರೆ ಆಯಿತಲ್ಲವೆ?

ಅಷ್ಟರಿಂದಲೇ ಆಗುವುದಿಲ್ಲ. ಏಕೆ ಆಗುವುದಿಲ್ಲ ಎಂಬುದನ್ನು ಒಂದು ನಿಜವಾದ ಉದಾಹರಣೆಯಿಂದಲೇ ನೋಡುವುದು ಮೇಲು. ವಾಚಕರು ಕಾಗದ, ಪೆನ್ಸಿಲು ಹಿಡಿದು ನಮ್ಮೊಡನೆ ಲೆಕ್ಕಮಾಡಿದರೆ ವಿಷಯವು ಮನಸ್ಸಿನಲ್ಲಿ ಚೆನ್ನಾಗಿ ನಿಲ್ಲುತ್ತದೆ.

ಮೂತ್ರಪಿಂಡದಲ್ಲಿ ಕಲ್ಲು ಬೆಳೆದಾಗ ಅದನ್ನು ತೆಗೆಯಲು ಹಿಂದೆ ದೇಹವನ್ನು ಅಗಲವಾಗಿ ಕೊಯ್ದು ಶಸ್ತ್ರಕ್ರಿಯೆ ಮಾಡುತ್ತಿದ್ದರು. ಆ ಬಳಿಕ, ಬೆನ್ನಿನ ಚರ್ಮದಲ್ಲಿ ಸಣ್ಣ ರಂಧ್ರವನ್ನು ಮಾಡಿ, ಅದರ ಮೂಲಕ ನಳಿಗೆಯೊಂದನ್ನು ತೂರಿಸಿ ಕಲ್ಲನ್ನು ತೆಗೆಯುವ ವಿಧಾನವು ಬಳಕೆಗೆ ಬಂದಿತು. ಲಂಡನ್ನಿನ ವೈದ್ಯರಾದ ಚಾರಿಗ್ ಮತ್ತು ಅವರ ಸಂಗಡಿಗರು ತಮ್ಮ ರೋಗಿಗಳ ದಾಖಲೆಗಳನ್ನು ಪರಿಶೀಲಿಸಿ, ಈ ಎರಡು ವಿಧಾನಗಳ ಫಲಗಳನ್ನು 1986ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್ ಪತ್ರಿಕೆಯಲ್ಲಿ ಪ್ರಕಟಿಸಿದರು. ಕೊಯ್ದು ತೆಗೆಯುವ ಶಸ್ತ್ರಕ್ರಿಯೆಗೆ ಒಳಗಾದ 350 ರೋಗಿಗಳಲ್ಲಿ 273 ಮಂದಿಗೆ, ಅಂದರೆ ಶೇಕಡ 78 ಮಂದಿಗೆ ಗುಣವಾಗಿತ್ತು. ರಂಧ್ರದ ವಿಧಾನಕ್ಕೆ ಒಳಗಾದ 350 ರೋಗಿಗಳಲ್ಲಿ 289 ಮಂದಿಗೆ, ಅಂದರೆ ಶೇಕಡ 83 ಮಂದಿಗೆ ಗುಣವಾಗಿತ್ತು. ಹೊಸ ವಿಧಾನವೇ ಮೇಲೆಂದು ಯಾರಾದರೂ ಹೇಳಿಯಾರು.

ಆದರೆ ಕಲ್ಲುಗಳೆಲ್ಲ ಒಂದೇ ಗಾತ್ರದವಲ್ಲ. ಎರಡು ಸೆಂಟಿಮೀಟರಿಗಿಂತ ಚಿಕ್ಕ ಕಲ್ಲುಗಳನ್ನೂ ಅದಕ್ಕಿಂತ ದೊಡ್ಡವನ್ನೂ ಬೇರ್ಪಡಿಸಿ ಎಣಿಸೋಣ. ಚಿಕ್ಕ ಕಲ್ಲುಗಳಿದ್ದವರಲ್ಲಿ ಕೊಯ್ದು ತೆಗೆದುದು 87 ಮಂದಿಗೆ, ಗುಣವಾದುದು 81 ಮಂದಿಗೆ, ಶೇಕಡ 93. ರಂಧ್ರದ ವಿಧಾನದಲ್ಲಿ 270 ಮಂದಿಯ ಪೈಕಿ 234, ಶೇಕಡ 87. ಇಲ್ಲಿ ಹಳೆಯ ವಿಧಾನವೇ ಮುಂದಿದೆ! ಹಾಗಾದರೆ ದೊಡ್ಡ ಕಲ್ಲುಗಳಲ್ಲಿ ಹೊಸದು ಮುಂದಿರಬೇಕಷ್ಟೆ. ನೋಡಿದರೆ, ಹಳೆಯದರಲ್ಲಿ 263 ಮಂದಿಯ ಪೈಕಿ 192, ಶೇಕಡ 73. ಹೊಸದರಲ್ಲಿ 80 ಮಂದಿಯ ಪೈಕಿ 55, ಶೇಕಡ 69. ಇಲ್ಲಿಯೂ ಹಳೆಯದೇ ಮುಂದು. ಚಿಕ್ಕ ಕಲ್ಲಿನಲ್ಲಿಯೂ ಗೆದ್ದ, ದೊಡ್ಡ ಕಲ್ಲಿನಲ್ಲಿಯೂ ಗೆದ್ದ ವಿಧಾನವು ಎರಡನ್ನೂ ಕೂಡಿಸಿದೊಡನೆ ಸೋತಿತು. ಲೆಕ್ಕದಲ್ಲಿ ತಪ್ಪಿಲ್ಲ, ಬೇಕಾದರೆ ಕೂಡಿಸಿ ನೋಡಬಹುದು.

ಈ ವಿಚಿತ್ರಕ್ಕೆ ಕಾರಣವು ರೋಗಿಗಳ ಹಂಚಿಕೆಯಲ್ಲಿದೆ. ಹಳೆಯ ವಿಧಾನದ 350 ಮಂದಿಯಲ್ಲಿ 263 ಮಂದಿಗೆ ದೊಡ್ಡ ಕಲ್ಲು; ಹೊಸದರ 350 ಮಂದಿಯಲ್ಲಿ ಕೇವಲ 80 ಮಂದಿಗೆ ದೊಡ್ಡ ಕಲ್ಲು. ದೊಡ್ಡ ಕಲ್ಲನ್ನು ಪೂರ್ತಿಯಾಗಿ ತೆಗೆಯುವುದು ಯಾವ ವಿಧಾನದಲ್ಲಿಯೂ ಕಷ್ಟವೇ. ಕಠಿಣವಾದ ರೋಗಿಗಳೆಲ್ಲ ಒಂದು ಕಡೆಯ ಪಾಲಿಗೆ ಬಂದು, ಸುಲಭವಾದವರು ಇನ್ನೊಂದು ಕಡೆಯ ಪಾಲಿಗೆ ಬಂದರೆ ಆಗತಕ್ಕದ್ದು ಇದೇ. ಸುಲಭದ ಮೊಕದ್ದಮೆಗಳನ್ನು ಮಾತ್ರ ಹಿಡಿಯುವ ವಕೀಲನು ಹೆಚ್ಚು ಗೆಲ್ಲುತ್ತಾನೆಂದು ಅವನೇ ದೊಡ್ಡ ವಕೀಲನೆನ್ನುವುದುಂಟೆ?

ಕಲ್ಲಿನ ಗಾತ್ರವು ಇಲ್ಲಿ ಎರಡು ಕಡೆ ಕೈಹಾಕಿದೆ. ಯಾವ ಚಿಕಿತ್ಸೆ ದೊರೆತೀತೆಂಬುದಕ್ಕೂ ಅದೇ ಕಾರಣ, ಗುಣವಾದೀತೆ ಇಲ್ಲವೆ ಎಂಬುದಕ್ಕೂ ಅದೇ ಕಾರಣ. ಹೀಗೆ ಎರಡರಲ್ಲಿಯೂ ಬೆರೆತುಕೊಂಡು ಹೋಲಿಕೆಯನ್ನು ಕೆಡಿಸುವ ಅಂಶವನ್ನು ನಾವು ‘ಬೆರಕೆ ಕಾರಣ’ವೆಂದು ಕರೆಯೋಣ. ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಯಿತೆಂಬ ಗಾದೆಯನ್ನು ಕೇಳದವರಿಲ್ಲ. ಆದರೆ ಕಾಕತಾಳೀಯವು ಬರಿಯ ಆಕಸ್ಮಿಕ; ಮತ್ತೆ ಮತ್ತೆ ಎಣಿಸಿದರೆ ಅದು ಮಾಯವಾಗುತ್ತದೆ. ಬೆರಕೆ ಕಾರಣವು ಹಾಗಲ್ಲ. ಏಳುನೂರು ರೋಗಿಗಳ ಬದಲು ಏಳು ಲಕ್ಷ ರೋಗಿಗಳನ್ನು ಎಣಿಸಿದರೂ ಅದು ಅಲ್ಲಿಯೇ ಕುಳಿತಿರುತ್ತದೆ. ಹೆಚ್ಚು ಎಣಿಸಿದಷ್ಟೂ ತಪ್ಪು ಉತ್ತರದಲ್ಲಿ ನಮ್ಮ ನಂಬಿಕೆಯು ಗಟ್ಟಿಯಾಗುತ್ತದೆ.

ಇದಕ್ಕೆ ಪರಿಹಾರವೂ ಲೆಕ್ಕದಲ್ಲಿಯೇ ಇದೆ. ನಾವು ನಿಜವಾಗಿ ಕೇಳಬೇಕಾದ ಪ್ರಶ್ನೆ ಇದು: ಈ 700 ಮಂದಿಗೂ ಹಳೆಯ ವಿಧಾನವನ್ನೇ ಮಾಡಿದ್ದರೆ ಎಷ್ಟು ಮಂದಿಗೆ ಗುಣವಾಗುತ್ತಿತ್ತು? ಎಲ್ಲರಿಗೂ ಹೊಸದನ್ನೇ ಮಾಡಿದ್ದರೆ ಎಷ್ಟು ಮಂದಿಗೆ? ಎಲ್ಲರಲ್ಲಿ ಚಿಕ್ಕ ಕಲ್ಲಿನವರು 357, ದೊಡ್ಡ ಕಲ್ಲಿನವರು 343. ಹಳೆಯ ವಿಧಾನದ ಫಲವನ್ನು ಇವರೆಲ್ಲರಿಗೂ ಅನ್ವಯಿಸಿದರೆ ಸುಮಾರು 583 ಮಂದಿ, ಅಂದರೆ ಶೇಕಡ 83 ಗುಣಹೊಂದಬೇಕು. ಹೊಸದನ್ನು ಅನ್ವಯಿಸಿದರೆ ಸುಮಾರು 545 ಮಂದಿ, ಶೇಕಡ 78. ಮೊದಲು ಕಂಡ ಅಂಕಗಳೇ ತಲೆಕೆಳಗಾಗಿ ನಿಂತಿವೆ. ಹಾಗೆಂದು ಕೊಯ್ಯುವುದೇ ಲೇಸೆಂದು ತೀರ್ಪು ಕೊಡಲು ನಾವು ಸಿದ್ಧರಿಲ್ಲ. ಹಳೆಯ ವಿಧಾನದ ದಾಖಲೆಗಳು 1972ರಿಂದ 1980ರವರೆಗಿನವು, ಹೊಸದರವು 1980ರಿಂದ 1985ರವರೆಗಿನವು. ಕಾಲವೂ ಒಂದು ಬೆರಕೆ ಕಾರಣವಾಗಿರಬಹುದು. ಗಾಯ, ನೋವು, ಹಾಸಿಗೆಯಲ್ಲಿ ಕಳೆಯುವ ದಿನಗಳು ಇವನ್ನಂತೂ ಈ ಲೆಕ್ಕವು ಮುಟ್ಟುವುದೇ ಇಲ್ಲ.

ಬೆರಕೆ ಕಾರಣವನ್ನು ಬುಡದಲ್ಲಿಯೇ ಕತ್ತರಿಸುವ ಉಪಾಯವೊಂದುಂಟು. ಯಾರಿಗೆ ಯಾವ ಚಿಕಿತ್ಸೆ ಎಂಬುದನ್ನು ವೈದ್ಯನೂ ತೀರ್ಮಾನಿಸದೆ, ರೋಗಿಯೂ ತೀರ್ಮಾನಿಸದೆ, ಚೀಟಿ ಎತ್ತಿ ಗೊತ್ತುಮಾಡುವುದೇ ಆ ಉಪಾಯ. ಬಡವ ಬಲ್ಲಿದ, ಮುದುಕ ಯುವಕ, ಕೃಶ ಪುಷ್ಟ ಎಂಬ ಭೇದಗಳೆಲ್ಲ ಆಗ ಎರಡು ಗುಂಪುಗಳಿಗೂ ಸರಿಸುಮಾರಾಗಿ ಹಂಚಿಹೋಗುತ್ತವೆ. ನಾವು ಹೆಸರಿಸಲಾರದ, ಅಳೆಯಲಾರದ ಭೇದಗಳೂ ಹಾಗೆಯೇ ಹಂಚಿಹೋಗುತ್ತವೆ. ಚೀಟಿಯ ಹೆಚ್ಚುಗಾರಿಕೆ ಇರುವುದೇ ಇಲ್ಲಿ. 1948ರಲ್ಲಿ ಬ್ರಿಟನ್ನಿನಲ್ಲಿ ಸ್ಟ್ರೆಪ್ಟೊಮೈಸಿನ್ ಔಷಧವನ್ನು ಹೀಗೆ ಪರೀಕ್ಷಿಸಿದ ವರದಿ ಬಂದಿತು. ಔಷಧ ಪಡೆದ 55 ಕ್ಷಯರೋಗಿಗಳಲ್ಲಿ ಆರು ತಿಂಗಳೊಳಗೆ ತೀರಿಕೊಂಡವರು 4 ಮಂದಿ. ವಿಶ್ರಾಂತಿಯನ್ನು ಮಾತ್ರ ಪಡೆದ 52 ಮಂದಿಯಲ್ಲಿ 14 ಮಂದಿ. ನಮ್ಮ ನೆರೆಯ ಮದರಾಸಿನಲ್ಲಿಯೂ 1956ರಲ್ಲಿ ಆರಂಭವಾದ ಕ್ಷಯರೋಗ ಚಿಕಿತ್ಸಾ ಕೇಂದ್ರವು ರೋಗಿಗಳನ್ನು ಇದೇ ರೀತಿಯಲ್ಲಿ ಎರಡಾಗಿ ವಿಂಗಡಿಸಿ, ಕೆಲವರಿಗೆ ಆರೋಗ್ಯಧಾಮದಲ್ಲಿಯೂ ಕೆಲವರಿಗೆ ಅವರವರ ಇಕ್ಕಟ್ಟಾದ ಮನೆಗಳಲ್ಲಿಯೂ ಅದೇ ಔಷಧಗಳನ್ನು ಕೊಟ್ಟಿತು. ಮನೆಯ ಚಿಕಿತ್ಸೆಯು ಆರೋಗ್ಯಧಾಮದ ಚಿಕಿತ್ಸೆಗೆ ಹೆಚ್ಚು ಹಿಂದೆಬೀಳದೆಂಬ ಅದರ 1959ರ ವರದಿಯು, ಹಾಸಿಗೆಗಳೇ ಸಾಲದ ಬಡ ದೇಶಗಳಿಗೆ ಎಂತಹ ಧೈರ್ಯವನ್ನು ತಂದಿತೆಂಬುದನ್ನು ಇಂದು ಊಹಿಸಿಕೊಳ್ಳುವುದೂ ಕಷ್ಟ.

ಎಲ್ಲ ಪ್ರಶ್ನೆಗಳಿಗೂ ಚೀಟಿ ಎತ್ತಲು ಬರುವಂತಿದ್ದರೆ ದಫ್ತರದ ಗೊಡವೆಯೇ ಬೇಕಿರಲಿಲ್ಲ. ಆದರೆ ಅಂತಹ ಪರೀಕ್ಷೆಗೆ ಬಹಳ ಹಣ ಬೇಕು, ವರ್ಷಗಳು ಬೇಕು. ಅಪರೂಪದ ರೋಗಕ್ಕೆ ಸಾಕಷ್ಟು ರೋಗಿಗಳೇ ಸಿಕ್ಕುವುದಿಲ್ಲ. ಇಪ್ಪತ್ತು ವರ್ಷಗಳ ಬಳಿಕ ತೋರುವ ಕೇಡನ್ನು ಕಾಯುತ್ತ ಕೂರಲಾಗುವುದಿಲ್ಲ. ಹೀಗಾಗಿ ಮತ್ತೆ ದಾಖಲೆಗಳಿಗೇ ಮರಳಬೇಕಾಗುತ್ತದೆ.

ಕಲ್ಲಿನ ಉದಾಹರಣೆಯಲ್ಲಿ ಬೆರಕೆ ಕಾರಣವು ಒಂದೇ ಆಗಿದ್ದುದರಿಂದ ಎರಡು ಗುಂಪುಗಳು ಸಾಕಾದುವು. ಹೌದು–ಅಲ್ಲ ಎಂಬಂತಹ ಹತ್ತು ಕಾರಣಗಳಿದ್ದರೆ 1024 ಗುಂಪುಗಳಾಗುತ್ತವೆ; ಅನೇಕ ಗುಂಪುಗಳಲ್ಲಿ ಒಬ್ಬ ರೋಗಿಯೂ ಇರುವುದಿಲ್ಲ. ಈ ತೊಡಕನ್ನು ಬಿಡಿಸಲು ಅಮೆರಿಕದ ಸಂಖ್ಯಾಶಾಸ್ತ್ರಜ್ಞರಾದ ರೋಸೆನ್‌ಬಾಮ್ ಮತ್ತು ರೂಬಿನ್ 1983ರಲ್ಲಿ ಒಂದು ಮಾರ್ಗವನ್ನು ತೋರಿಸಿದರು. ಇಂತಹ ವಯಸ್ಸಿನ, ಇಂತಹ ಲಕ್ಷಣಗಳ ರೋಗಿಗೆ ಈ ಚಿಕಿತ್ಸೆ ದೊರೆಯುವ ಸಂಭವವು ಎಷ್ಟೆಂಬುದನ್ನು ದಾಖಲೆಗಳಿಂದ ಒಂದೇ ಸಂಖ್ಯೆಯಾಗಿ ಗುಣಿಸಿಕೊಳ್ಳುವುದು. ಬಳಿಕ ಆ ಸಂಭವವು ಸಮನಾಗಿದ್ದ ಇಬ್ಬರಲ್ಲಿ, ಚಿಕಿತ್ಸೆ ದೊರೆತವನನ್ನು ದೊರೆಯದವನೊಡನೆ ಹೋಲಿಸುವುದು. ಯುಕ್ತಿಯು ಸೊಗಸಾಗಿದೆ. ಆದರೆ ದಫ್ತರದಲ್ಲಿ ಬರೆದಿಡದ ಕಾರಣವನ್ನು ಅದು ಸಹ ಸರಿಗೂಡಿಸಲಾರದು.

ಇಂತಹ ದಾಖಲೆಗಳು ಒಮ್ಮೆ ಎಷ್ಟು ದೊಡ್ಡ ಚರ್ಚೆಗೆ ಕಾರಣವಾದುವೆಂಬುದನ್ನು ಈಗ ನೋಡೋಣ. ಅಮೆರಿಕದಲ್ಲಿ 1976ರಲ್ಲಿ 1,21,700 ದಾದಿಯರ ಆರೋಗ್ಯದ ವಿವರಗಳನ್ನು ಸಂಗ್ರಹಿಸುವ ಕಾರ್ಯವು ಮೊದಲಾಯಿತು. ಎರಡು ವರ್ಷಗಳಿಗೊಮ್ಮೆ ಅವರಿಗೆ ಪ್ರಶ್ನಾವಳಿಯನ್ನು ಕಳುಹಿಸಲಾಗುತ್ತಿತ್ತು. ಮುಟ್ಟು ನಿಂತ ಮೇಲೆ ಹಾರ್ಮೋನುಗಳನ್ನು ಸೇವಿಸುತ್ತಿದ್ದವರಲ್ಲಿ ಹೃದ್ರೋಗವು ಇತರರಿಗಿಂತ ಶೇಕಡ 40ರಷ್ಟು ಕಡಿಮೆಯೆಂದು ಈ ದಾಖಲೆಗಳಿಂದ ಕಂಡುಬಂದಿತು. ಹಾರ್ಮೋನು ಹೃದಯವನ್ನು ಕಾಯುತ್ತದೆಂದು ಅನೇಕ ವೈದ್ಯರು ನಂಬಿದರು. ಲಕ್ಷಗಟ್ಟಲೆ ಸ್ತ್ರೀಯರು ಅದನ್ನು ಸೇವಿಸಿದರು. ಆಮೇಲೆ ಅದೇ ದೇಶದಲ್ಲಿ 16,608 ಸ್ತ್ರೀಯರನ್ನು ಚೀಟಿಯ ಕ್ರಮದಲ್ಲಿ ವಿಂಗಡಿಸಿ, ಒಂದು ಗುಂಪಿಗೆ ಈಸ್ಟ್ರೊಜೆನ್ ಮತ್ತು ಪ್ರೊಜೆಸ್ಟಿನ್ ಹಾರ್ಮೋನುಗಳನ್ನೂ ಇನ್ನೊಂದಕ್ಕೆ ಅದೇ ರೂಪಿನ ಹುಸಿಗುಳಿಗೆಯನ್ನೂ ಕೊಟ್ಟರು. ಎಂಟೂವರೆ ವರ್ಷ ನಡೆಯಬೇಕಾಗಿದ್ದ ಈ ಪರೀಕ್ಷೆಯನ್ನು 2002ರಲ್ಲಿ, ಸರಾಸರಿ 5.2 ವರ್ಷಗಳಿಗೇ ನಿಲ್ಲಿಸಬೇಕಾಯಿತು. ಹಾರ್ಮೋನು ಪಡೆದವರಲ್ಲಿ ಹೃದ್ರೋಗವು ಕಡಿಮೆಯಾಗುವುದಿರಲಿ, ಶೇಕಡ 29ರಷ್ಟು ಹೆಚ್ಚಾಗಿತ್ತು; ಸ್ತನದ ಕ್ಯಾನ್ಸರ್ ಶೇಕಡ 26ರಷ್ಟು ಹೆಚ್ಚಾಗಿತ್ತು. ಭಯವೂ ಮಿತಿಮೀರಬಾರದು: 10,000 ಸ್ತ್ರೀಯರು ಒಂದು ವರ್ಷ ಹಾರ್ಮೋನು ಸೇವಿಸಿದರೆ ಹೆಚ್ಚಾಗುವ ಹೃದ್ರೋಗಿಗಳ ಸಂಖ್ಯೆ ಸುಮಾರು 7.

ಒಂದೇ ಔಷಧ, ದಾಖಲೆ ಹೇಳಿದುದು ಒಂದು, ಪರೀಕ್ಷೆ ಹೇಳಿದುದು ಇನ್ನೊಂದು. ಹಾರ್ಮೋನು ಸೇವಿಸುವವರು ಹೆಚ್ಚು ಅನುಕೂಲಸ್ಥರು, ಆರೋಗ್ಯದಲ್ಲಿ ಎಚ್ಚರವುಳ್ಳವರು, ಆದುದರಿಂದ ಇದು ಬೆರಕೆ ಕಾರಣದ ಕೆಲಸವೆಂದು ಹಲವರು ವಾದಿಸಿದರು. 2008ರಲ್ಲಿ ಹೆರ್ನಾನ್ ಮತ್ತು ಅವರ ಸಹೋದ್ಯೋಗಿಗಳು ಇನ್ನೂ ಸೂಕ್ಷ್ಮವಾದ ದೋಷವೊಂದರ ಕಡೆಗೆ ಬೆರಳು ತೋರಿಸಿದರು. ಹಳೆಯ ಲೆಕ್ಕದಲ್ಲಿ ‘ಸೇವಿಸುತ್ತಿರುವವರು’ ಎಂಬ ಗುಂಪಿನಲ್ಲಿದ್ದ ಅನೇಕರು ವರ್ಷಗಳಿಂದ ಗುಳಿಗೆ ನುಂಗುತ್ತ ಬಂದವರು. ಕಾಲೇಜೊಂದರ ಪಾಠಕ್ರಮವು ಬಹು ಕಠಿಣವೆಂದುಕೊಳ್ಳಿ. ಮೊದಲ ವರ್ಷದಲ್ಲಿಯೇ ಹಲವರು ಬಿಟ್ಟುಹೋಗುತ್ತಾರೆ. ಕೊನೆಯ ವರ್ಷದ ಬೆಂಚುಗಳ ಮೇಲೆ ಕುಳಿತವರನ್ನಷ್ಟೇ ಎಣಿಸಿ, ಈ ಪಾಠಕ್ರಮದಿಂದ ಯಾರಿಗೂ ತೊಂದರೆಯಿಲ್ಲವೆಂದರೆ ಹೇಗೆ? ಗುಳಿಗೆ ಆರಂಭಿಸಿದ ಹೊಸತರಲ್ಲಿಯೇ ಹೃದಯಕ್ಕೆ ಪೆಟ್ಟುಬಿದ್ದವರು ಆ ಗುಂಪಿನಿಂದ ಆಗಲೇ ಜಾರಿಹೋಗಿದ್ದರು.

ಹೆರ್ನಾನರು ಮಾಡಿದುದಿಷ್ಟು. ಅವವೇ ದಾದಿಯರ ದಾಖಲೆಗಳನ್ನು ತೆಗೆದುಕೊಂಡು, ‘ಈ ಸ್ತ್ರೀಯರ ಮೇಲೆ ಚೀಟಿಯ ಪರೀಕ್ಷೆಯನ್ನು ನಡೆಸಿದ್ದರೆ ಅದರ ನಿಯಮಗಳು ಏನಿರುತ್ತಿದ್ದುವು?’ ಎಂದು ಮೊದಲು ಬರೆದುಕೊಂಡರು. ಯಾರನ್ನು ಸೇರಿಸಿಕೊಳ್ಳಬೇಕು, ಎಣಿಕೆಯು ಯಾವ ದಿನದಿಂದ ಮೊದಲಾಗಬೇಕು, ಯಾರೊಡನೆ ಹೋಲಿಸಬೇಕು ಎಂಬುದನ್ನು ನಿಶ್ಚಯಿಸಿದರು. ಸೇವನೆಯನ್ನು ಹೊಸದಾಗಿ ಆರಂಭಿಸಿದವರನ್ನು ಮಾತ್ರ, ಆರಂಭಿಸಿದ ಕಾಲದಿಂದಲೇ ಹಿಂಬಾಲಿಸಿದರು. ಆಗ ಮೊದಲ ಎರಡು ವರ್ಷಗಳಲ್ಲಿ ಹೃದ್ರೋಗದ ಪ್ರಮಾಣವು 1.42ರಷ್ಟು ಮೇಲೆಯೇ ಕಂಡಿತು. ಇಡೀ ಅವಧಿಗೆ 0.96, ಅಂದರೆ ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ. ಶೇಕಡ 40ರ ರಕ್ಷಣೆಯು ಕರಗಿಹೋಯಿತು. ಮುಟ್ಟು ನಿಂತು ಎಷ್ಟು ಕಾಲವಾಯಿತು, ಎಷ್ಟು ವರ್ಷ ಹಿಂಬಾಲಿಸಿದರು ಎಂಬ ಭೇದಗಳನ್ನೂ ಗಣನೆಗೆ ತಂದಾಗ ದಾಖಲೆಗೂ ಪರೀಕ್ಷೆಗೂ ಇದ್ದ ವಿರೋಧದ ಬಹುಪಾಲು ಇಲ್ಲವಾಯಿತು. ದಾಖಲೆಗಳು ಸುಳ್ಳು ಹೇಳಿರಲಿಲ್ಲ. ಪ್ರಶ್ನೆಯನ್ನು ಕೇಳಿದ ಕ್ರಮವು ಸರಿಯಿರಲಿಲ್ಲ.

ಎಣಿಕೆಯ ಮೊದಲ ದಿನದ ವಿಷಯದಲ್ಲಿ ಎಡವುವುದು ಹೊಸದೇನೂ ಅಲ್ಲ. ಸೈನ್ಯದಲ್ಲಿ ಸೇನಾಪತಿಗಳು ಕಿರಿಯ ಅಧಿಕಾರಿಗಳಿಗಿಂತ ಹೆಚ್ಚು ವಯಸ್ಸಿನಲ್ಲಿ ಸಾಯುತ್ತಾರೆಂಬುದರಿಂದ, ಸೇನಾಪತಿಯ ಪದವಿಯು ಆಯುಸ್ಸನ್ನು ಬೆಳೆಸುತ್ತದೆಂದು ಹೇಳಲಾಗದೆಂಬುದನ್ನು ಇಂಗ್ಲೆಂಡಿನ ವಿಲಿಯಂ ಫಾರ್ 1843ರಷ್ಟು ಹಿಂದೆಯೇ ವಿವರಿಸಿದ್ದನು. ಆ ಪದವಿಗೆ ಏರಬೇಕಾದರೆ ಅಷ್ಟು ಕಾಲ ಬದುಕಿರಲೇಬೇಕಷ್ಟೆ!

ಇನ್ನು ದಫ್ತರದಲ್ಲಿ ಬರೆದಿಡದ ಕಾರಣಗಳ ಮಾತು. ಕಾಣದ ಕಳ್ಳನನ್ನು ಹಿಡಿಯುವುದೆಂತು? ಹಿಡಿಯಲಾಗದಿದ್ದರೂ ಅವನ ಹೆಜ್ಜೆಗುರುತನ್ನು ಕಾಣಬಹುದೆಂಬುದಕ್ಕೆ ಒಂದು ಉದಾಹರಣೆಯುಂಟು. ಇನ್‌ಫ್ಲುಯೆಂಜಾ ಲಸಿಕೆಯನ್ನು ಹಾಕಿಸಿಕೊಂಡ ವೃದ್ಧರಲ್ಲಿ ಸಾವು ಇತರರಿಗಿಂತ ಬಹಳ ಕಡಿಮೆಯೆಂದು ಹಲವು ದಾಖಲೆಗಳು ತೋರಿಸಿದ್ದುವು. ಅಮೆರಿಕದ ಸಿಯಾಟಲ್ ನಗರದ ಸಂಶೋಧಕರು, 65 ವರ್ಷಕ್ಕೆ ಮೇಲ್ಪಟ್ಟ 72,527 ಮಂದಿಯ ಎಂಟು ವರ್ಷಗಳ ದಾಖಲೆಗಳನ್ನು ತೆಗೆದುಕೊಂಡು, ಬೇರೊಂದು ಪ್ರಶ್ನೆಯನ್ನು ಕೇಳಿದರು: ಊರಿಗೆ ಜ್ವರವು ಕಾಲಿಡುವ ಮೊದಲು ಏನಾಗುತ್ತಿತ್ತು? ಬಾರದ ರೋಗದಿಂದ ಲಸಿಕೆಯು ಯಾರನ್ನೂ ಕಾಪಾಡಲಾರದು. ಆ ವಾರಗಳಲ್ಲಿ ಎರಡು ಗುಂಪುಗಳ ಸಾವಿನ ಪ್ರಮಾಣವೂ ಒಂದೇ ಆಗಿರಬೇಕು. 2006ರಲ್ಲಿ ಪ್ರಕಟವಾದ ಫಲವು ಬೇರೆಯಾಗಿತ್ತು. ಲಸಿಕೆ ಪಡೆದವರ ಸಾವಿನ ಪ್ರಮಾಣವು ಪಡೆಯದವರದಕ್ಕೆ ಹೋಲಿಸಿದರೆ ಜ್ವರದ ಕಾಲದಲ್ಲಿ 0.56ರಷ್ಟು, ಜ್ವರದ ಕಾಲ ಮುಗಿದ ಮೇಲೆ 0.74ರಷ್ಟು, ಜ್ವರವು ಇನ್ನೂ ಬಾರದಿದ್ದ ಕಾಲದಲ್ಲಿ ಎಲ್ಲಕ್ಕಿಂತ ಕಡಿಮೆ, 0.39ರಷ್ಟು!

ಲಸಿಕೆಯು ನಿಷ್ಫಲವೆಂದು ಇದರಿಂದ ತಿಳಿಯಬಾರದು. ಅದರ ಗುಣವನ್ನು ದಾಖಲೆಗಳು ಹಿಗ್ಗಿಸಿ ಹೇಳಿದ್ದುವೆಂದಷ್ಟೇ ತಿಳಿಯಬೇಕು. ಹಾಸಿಗೆ ಹಿಡಿದು ಕೊನೆಯ ದಿನಗಳನ್ನು ಎಣಿಸುತ್ತಿರುವ ವೃದ್ಧನನ್ನು ಲಸಿಕೆಗಾಗಿ ಆಸ್ಪತ್ರೆಗೆ ಕರೆದೊಯ್ಯುವವರು ವಿರಳ. ಅವನ ಹೆಸರಿನ ಮುಂದೆ ‘ಲಸಿಕೆ ಇಲ್ಲ’ ಎಂದು ದಾಖಲಾಗುತ್ತದೆ, ಕೆಲವು ವಾರಗಳಲ್ಲಿ ‘ಮರಣ’ ಎಂದು ದಾಖಲಾಗುತ್ತದೆ. ಎದ್ದು ನಡೆಯಲಾರದಷ್ಟು ಅವನು ಸೊರಗಿದ್ದನೆಂಬುದು ಮಾತ್ರ ಯಾವ ಅಂಕಣದಲ್ಲಿಯೂ ಬರೆಯಲ್ಪಟ್ಟಿರುವುದಿಲ್ಲ.